ಕೊಂಡಜ್ಜಿಯ ಕೆರೆ ತಿದ್ದಿದ ಲೆಕ್ಕ

ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚೆಂದು ಅಧ್ಯಾಪಕರು ಹೇಳುವುದು ವಾಡಿಕೆ. ನನ್ನ ಪಾಲಿಗೆ ಅದು ಬರಿಯ ವಿನಯದ ಮಾತಲ್ಲ. ಒಂದು ತಪ್ಪಿನ ಒಪ್ಪಿಗೆ.

1984ರಲ್ಲಿ ಸ್ಕೌಟ್ ಬಾಲಕರೊಡನೆ ಕೊಂಡಜ್ಜಿಯ ಶಿಬಿರಕ್ಕೆ ಹೋಗಿದ್ದೆ. ಒಂದು ಸಂಜೆ ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದಾಗ ಲಾರಿಯೊಂದು ಹಾರನ್ ಬಾರಿಸುತ್ತ ನಮ್ಮನ್ನು ದಾಟಿತು. ಬರುವಾಗ ಏರಿದ್ದ ಶ್ರುತಿ, ದಾಟಿದೊಡನೆ ಇಳಿಯಿತು. ಇದು ಆಸ್ಟ್ರಿಯಾದ ಡಾಪ್ಲರ್ 1842ರಲ್ಲಿ ಪ್ರತಿಪಾದಿಸಿದ ಪರಿಣಾಮವೆಂದು ವಿವರಿಸಿದೆ.

“ಗುರುಗಳೇ, ಲಾರಿ ನಿಂತಿದ್ದು, ನಾವೇ ಅದೇ ವೇಗದಲ್ಲಿ ಅದರತ್ತ ಹೋದರೆ?” ಎಂದನೊಬ್ಬ.

“ಎರಡೂ ಒಂದೇ” ಎಂದುಬಿಟ್ಟೆ.

ರಾತ್ರಿ ಲಾಟೀನಿನ ಬೆಳಕಿನಲ್ಲಿ ಆತ ಲೆಕ್ಕ ಮಾಡಿ ತಂದ. ಹಾರನ್ನಿನ ಆವೃತ್ತಿ ಸೆಕೆಂಡಿಗೆ 500; ಶಬ್ದದ ವೇಗ 340 ಮೀಟರು, ಲಾರಿಯದು 20 ಮೀಟರು. ಲಾರಿ ಬರುತ್ತಿದ್ದರೆ 340 ಮೀಟರಿನಲ್ಲಿ ಹರಡಬೇಕಾದ 500 ಅಲೆಗಳು 320 ಮೀಟರಿನಲ್ಲೇ ಅಡಕವಾಗುತ್ತವೆ. ಕೇಳುವ ಆವೃತ್ತಿ 531. ನಾವು ಹೋಗುತ್ತಿದ್ದರೆ ಅಲೆಗಳ ಅಂತರ ಬದಲಾಗದು, ಸೆಕೆಂಡಿಗೆ 360 ಮೀಟರಿನಷ್ಟು ಅಲೆಗಳು ನಮಗೆ ಎದುರಾಗುತ್ತವೆ, ಆವೃತ್ತಿ 529.

“ಉತ್ತರ ಒಂದೇ ಬರಬೇಕು” ಎಂದು ಎರಡನೆಯ ಲೆಕ್ಕದ ಮೇಲೆ ಕೆಂಪು ಗೆರೆ ಎಳೆದೆ. ಹುಡುಗ ತಲೆ ತಗ್ಗಿಸಿ ಹೋದ. ನನಗೆ ನಿದ್ರೆ ಬರಲಿಲ್ಲ.

ಬೆಳಗ್ಗೆ ಕೆರೆಯ ನಿಶ್ಚಲ ನೀರಿನಲ್ಲಿ ಕೋಲನ್ನು ಅದ್ದಿ ಅದ್ದಿ ಮುಂದಕ್ಕೆ ಸರಿಸಿದೆ. ಮುಂದಿನ ಅಲೆಗಳು ಒತ್ತೊತ್ತಾದವು. ಒಂದೇ ಕಡೆ ಅದ್ದಿದಾಗ ಸಮಾನ ಅಂತರದಲ್ಲಿ ಹರಡಿದವು. ಯಾರು ಚಲಿಸಿದರೆಂಬುದಕ್ಕೆ ನೀರೇ ಸಾಕ್ಷಿ. ಶಬ್ದಕ್ಕೆ ಗಾಳಿಯೂ ಹಾಗೆಯೇ. ಹುಡುಗನ ಲೆಕ್ಕ ಸರಿಯಾಗಿತ್ತು.

ಬೆಳಕಿಗೆ ಮಾತ್ರ ಅಂತಹ ಕೆರೆಯಿಲ್ಲ. 1905ರಲ್ಲಿ ಐನ್‌ಸ್ಟೈನ್ ತೋರಿಸಿದಂತೆ ಅಲ್ಲಿ ಗಣನೆಗೆ ಬರುವುದು ಪರಸ್ಪರ ವೇಗವೊಂದೇ. “ಎರಡೂ ಒಂದೇ” ಎಂಬ ನನ್ನ ಮಾತು ಬೆಳಕಿಗೆ ಸಲ್ಲುತ್ತಿತ್ತು, ಶಬ್ದಕ್ಕಲ್ಲ. ವೇಗ ಅಲ್ಪವಾಗಿದ್ದಲ್ಲಿ ಅದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಸಾಕು, ತರಂಗಾಂತರದ ಪಲ್ಲಟ ಎಷ್ಟನೆಯ ಪಾಲೆಂದು ತಿಳಿಯುತ್ತದೆ. ಸೆಕೆಂಡಿಗೆ 2 ಕಿಲೋಮೀಟರ್ ವೇಗಕ್ಕೆ ಅದು ಒಂದೂವರೆ ಲಕ್ಷದಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದ ಪಲ್ಲಟವನ್ನು ಸೂರ್ಯನ ರೋಹಿತದಲ್ಲಿ ಅಳೆದೇ 1909ರಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಎವರ್‌ಶೆಡ್ ಅವರು ಸೌರಕಲೆಗಳಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇಂದು ಆ ವೀಕ್ಷಣಾಲಯವನ್ನು ನಡೆಸುತ್ತಿದೆ. ಅಲ್ಪವೆಂದು ಅವರು ಆ ವ್ಯತ್ಯಾಸವನ್ನು ಕಡೆಗಣಿಸಲಿಲ್ಲ. ನಾನಾದರೋ 531 ಮತ್ತು 529ರ ನಡುವಿನ ಅಂತರವನ್ನು ಗೆರೆ ಎಳೆದು ಅಳಿಸಹೊರಟಿದ್ದೆ.

ಅಂದು ಸಂಜೆ ಶಿಬಿರಾಗ್ನಿಯ ಮುಂದೆ ಎಲ್ಲರೆದುರು ತಪ್ಪನ್ನು ಒಪ್ಪಿಕೊಂಡೆ. ಹುಡುಗನ ಪುಸ್ತಕದ ಕೆಂಪು ಗೆರೆ ಅಳಿಯುವಂತಿರಲಿಲ್ಲ. ಅದರ ಕೆಳಗೆ “ಲೆಕ್ಕ ಸರಿ, ಗೆರೆ ತಪ್ಪು” ಎಂದು ಬರೆದು ರುಜು ಹಾಕಿದೆ. ಅಂದಿನಿಂದ ವಿದ್ಯಾರ್ಥಿಯ ಲೆಕ್ಕವನ್ನು ಕೊನೆಯವರೆಗೆ ಓದದೆ ಕೆಂಪು ಶಾಯಿಯ ಲೇಖನಿಯನ್ನು ತೆರೆದಿಲ್ಲ.