ಅಗಳಿಯ ಕೆರೆ ಅಂಗಳದಲ್ಲೊಂದು ಯುದ್ಧ ವಿಮಾನ

ರಿಮೋಟ್ ವಿಮಾನ ಹಾರಿಸುವುದು ದುಡ್ಡಿದ್ದವರ ಹುಚ್ಚು ಅನ್ನುವವರು ಸನ್‌ಪ್ಯಾಕ್ ಶೀಟಿನ ಮಹಿಮೆ ಕಂಡಿಲ್ಲ. ಅದೇ ಸ್ವಾಮಿ, ಎಲೆಕ್ಷನ್ ಬಂದಾಗ ಅಭ್ಯರ್ಥಿಗಳ ಮುಖ ಹೊತ್ತು ಕಂಬದಲ್ಲಿ ನೇತಾಡುತ್ತದಲ್ಲ, ಆ ಪ್ಲಾಸ್ಟಿಕ್ ಹಲಗೆ! ಫಲಿತಾಂಶ ಬಂದ ಮೇಲೆ ಅದು ಯಾರಿಗೂ ಬೇಡ. ನಮಗೆ ಬೇಕು. ಮೋಟಾರು, ಬ್ಯಾಟರಿ, ರೇಡಿಯೊ ಮಾತ್ರ ಬೆಂಗಳೂರಿನಿಂದ ತರಿಸಬೇಕು. ಅದಕ್ಕೆ ನಮ್ಮ ಜೇಬೇ ಗತಿ.

ಅಗಳಿ ಎಂದರೆ ಮಡಕಶಿರಾ ಸೀಮೆ. ಲೆಕ್ಕಕ್ಕೆ ಆಂಧ್ರ, ಮಾತು ಕನ್ನಡ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಶಾಲೆಯ ಬೋರ್ಡಿನ ಒಂದು ಸಾಲು ಬದಲಾಯಿತು, ಅಷ್ಟೆ.

ಯಾವ ವಿಮಾನ ಮಾಡೋಣ ಎಂದಾಗ ಹುಡುಗರೆಲ್ಲ "ರಫೇಲ್ ಸಾರ್" ಎಂದರು. ನಾವು ಕರ್ಟಿಸ್ ಹಾಕ್ ಎಂದೆವು. ಹೆಸರೇ ಕೇಳದ ಹಳೆಯ ವಿಮಾನ ಯಾಕೆ ಎಂದು ಮುಖ ಸಪ್ಪಗಾಯಿತು. ಕಾರಣ ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. 1942ರ ಜುಲೈಯಲ್ಲಿ ಹಾಕ್ ಹಾರಿತು. ಜಪಾನಿನ ಮೇಲೆ ಹೋರಾಡುತ್ತಿದ್ದ ಚೀನಾಕ್ಕೆಂದು ಬಂದ ಆರ್ಡರು ಅದು. ಮರು ತಿಂಗಳೇ ಕ್ವಿಟ್ ಇಂಡಿಯಾ! ಪಠ್ಯಪುಸ್ತಕದಲ್ಲಿ ಎರಡನೆಯದು ಮಾತ್ರ ಇದೆ. ನಮ್ಮ ಊರಿನಿಂದ ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರಿನಲ್ಲಿ ಯುದ್ಧ ವಿಮಾನ ಜೋಡಿಸಿದ್ದರು ಎಂದಾಗ ಮಕ್ಕಳ ಕಣ್ಣು ಅರಳಿತು. ರಫೇಲ್ ಮಾತು ಅಲ್ಲಿಗೆ ನಿಂತಿತು.

ಅಸಲಿ ಹಾಕ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11.4 ಮೀಟರ್. ಹತ್ತನೇ ಒಂದು ಎಂದರೆ 114 ಸೆಂಟಿಮೀಟರ್. ಅನುಪಾತದ ಪಾಠ ಅಷ್ಟಕ್ಕೆ ಮುಗಿಯಲಿಲ್ಲ. ಉದ್ದ ಹತ್ತರಲ್ಲೊಂದಾದರೆ ರೆಕ್ಕೆಯ ವಿಸ್ತೀರ್ಣ ನೂರರಲ್ಲೊಂದು, ತೂಕ ಸಾವಿರದಲ್ಲೊಂದು. ಎರಡೂವರೆ ಟನ್ನಿನ ವಿಮಾನ ಎರಡೂವರೆ ಕೆಜಿಗೆ ಇಳಿಯಿತು. ನಾವು ಒಂದು ಕೆಜಿ ದಾಟಬಾರದೆಂದು ಹಟ ಹಿಡಿದೆವು. ಹಗುರವಾದಷ್ಟೂ ನಿಧಾನವಾಗಿ ಹಾರುತ್ತದೆ, ನಿಧಾನವಾದಷ್ಟೂ ಬಿದ್ದಾಗ ಏಟು ಕಡಿಮೆ.

ಹಾಕ್‌ನ ತೊಂದರೆ ಅದರ ಮೂಗು. ಅಸಲಿಯಲ್ಲಿ ಅಲ್ಲಿ ಭಾರಿ ಎಂಜಿನ್ ಕೂತಿತ್ತು. ನಮ್ಮ ಮೋಟಾರು ನಿಂಬೆಹಣ್ಣಿನಷ್ಟು. ಬಾಲ ಕೆಳಗಾಗುತ್ತದೆ, ವಿಮಾನ ತಲೆಯೆತ್ತಿ ನಿಂತು ದೊಪ್ಪನೆ ಬೀಳುತ್ತದೆ. ಮೀನು ಬಲೆಯ ಸೀಸದ ಗುಂಡುಗಳನ್ನು ಮೂಗಿನೊಳಗೆ ಅಂಟಿಸಿ, ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗದ ಹತ್ತಿರ ಎರಡು ಬೆರಳಿಟ್ಟು ಎತ್ತಿದರೆ ಸಮನಾಗಿ ನಿಲ್ಲುವ ತನಕ ತೂಗಿದೆವು. ಎಂಟನೇ ತರಗತಿಯ ಒಬ್ಬ, "ಪಟಕ್ಕೆ ಸೂತ್ರ ಕಟ್ಟಿದ ಹಾಗೇ ಅಲ್ವಾ ಸಾರ್?" ಎಂದ. ಆಷಾಢದ ಗಾಳಿಯಲ್ಲಿ ಬೆಳೆದವನು, ಅವನಿಗೆ ನಾವು ಹೇಳಿಕೊಡುವುದೇನಿದೆ? ಚಕ್ರ ಇಡಲಿಲ್ಲ. ಕೈಯಿಂದ ಎಸೆಯುವುದು, ಒಣಗಿದ ಕೆರೆ ಅಂಗಳದ ಹುಲ್ಲಿನ ಮೇಲೆ ಹೊಟ್ಟೆಯಲ್ಲಿ ಇಳಿಸುವುದು.

ಬಣ್ಣ ಬಳಿಯುವಾಗ ಹುಡುಗಿಯೊಬ್ಬಳು ಕೇಳಿದಳು, "ಇದು ಎಷ್ಟು ಜನರನ್ನ ಸಾಯಿಸಿತು ಸಾರ್?" ಬೆಂಗಳೂರಿನಲ್ಲಿ ಜೋಡಿಸಿದ್ದು ಕೆಲವೇ ಹಾಕ್‌ಗಳು; ಚೀನಾದ ಚುಂಗ್‌ಕಿಂಗ್ ಮೇಲೆ ಜಪಾನ್ ವರ್ಷಗಟ್ಟಲೆ ಬಾಂಬ್ ಹಾಕಿತ್ತು, ಅಂಥದ್ದನ್ನು ತಡೆಯಲು ಇಂಥ ವಿಮಾನ ಬೇಕಿತ್ತು ಎಂದೆವು. ಅವಳು ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಮೊದಲ ಎಸೆತಕ್ಕೆ ವಿಮಾನ ಎಡಕ್ಕೆ ವಾಲಿತು. ಪಂಕ ಬಲಕ್ಕೆ ತಿರುಗಿದರೆ ಮೈ ಎಡಕ್ಕೆ ತಿರುಗುತ್ತದೆ, ನ್ಯೂಟನ್ನನ ಮೂರನೇ ನಿಯಮ. ಸಾವರಿಸಿಕೊಂಡು ಮೇಲೇರಿತು. ಕೇಕೆಯೋ ಕೇಕೆ! ಅಷ್ಟರಲ್ಲಿ ಏರಿಯ ಆಚೆಯಿಂದ ಮೇಕೆಗಳು ಇಳಿದವು, ಹಿಂದೆ ಅಜ್ಜಿ. ವಿಮಾನ ಅವರ ಕಡೆ ತಿರುಗಿದ್ದೇ ತಡ, ಅಜ್ಜಿ ತಲೆ ಮೇಲೆ ಕೈಯಿಟ್ಟು ನೆಲಕ್ಕೆ ಕೂತುಬಿಟ್ಟರು. ಹುಡುಗರು ನಕ್ಕರು. ನಾವು ಕೂಡಲೇ ಇಳಿಸಿದೆವು.

ಅಜ್ಜಿಯ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2023ರ ಆಗಸ್ಟಿನಲ್ಲಿ ಪಕ್ಕದ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಡಿಆರ್‌ಡಿಒದವರ ತಪಸ್ ಎಂಬ ಪೈಲಟ್ ಇಲ್ಲದ ವಿಮಾನ ಬಿದ್ದಿತ್ತು. ಚಳ್ಳಕೆರೆ ಬಳಿ ಅವರ ಪರೀಕ್ಷಾ ಮೈದಾನವಿದೆ. "ನಿಮ್ದೂ ಅಂಥದ್ದೇ ಏನಪ್ಪಾ ಮೇಷ್ಟ್ರೇ?" ಎಂದರು. ಅಲ್ಲ ಅಜ್ಜಿ, ಇದು ಆಟದ್ದು ಎಂದು ಕೈಗೆ ಕೊಟ್ಟೆವು. ತಿರುಗಿಸಿ ನೋಡಿ, ರೆಕ್ಕೆ ಅಡಿಯಲ್ಲಿ ಉಳಿದಿದ್ದ ಅಭ್ಯರ್ಥಿಯ ಅರ್ಧ ಮೀಸೆ ಕಂಡು ನಕ್ಕರು.

ಸುಣ್ಣದ ಪೊಟ್ಟಣ ಕಟ್ಟಿ ಮೇಲಿಂದ ಬೀಳಿಸೋಣ ಎಂದು ಹುಡುಗರು ಇನ್ನೂ ಪೀಡಿಸುತ್ತಾರೆ. ಸಹೋದ್ಯೋಗಿಗಳೂ "ಆಟ ತಾನೇ, ಬಿಡಿ" ಎನ್ನುತ್ತಾರೆ. ನಾವು ಬಿಡುವುದಿಲ್ಲ. ಯುದ್ಧ ವಿಮಾನದ ಆಕಾರ ಮಾಡುವುದು ಬೇರೆ, ಕೆಳಗೆ ಯಾರೋ ಇದ್ದಾಗ ಬೀಳಿಸುವ ಖುಷಿ ಕಲಿಸುವುದು ಬೇರೆ. 2021ರ ಡ್ರೋನ್ ನಿಯಮಗಳೂ ಇವೆ, ಕಣ್ಣಳತೆ ದಾಟಿಸುವ ಹಾಗಿಲ್ಲ. ಈಗ ಹಾರಾಟ ಮೇಕೆ ಬರುವ ಮೊದಲೇ, ಬೆಳಗ್ಗೆ ಏಳಕ್ಕೆ. ಆ ಪ್ರಶ್ನೆ ಕೇಳಿದ ಹುಡುಗಿ ಏರಿಯ ಮೇಲೆ ಕಾವಲು. ಅವಳು ಕೈ ಎತ್ತಿದರೆ ಇಳಿಸಲೇಬೇಕು.

ಅಂದ ಹಾಗೆ, ಮುಂದಿನದು ಲಿಬರೇಟರ್. ಯುದ್ಧ ಮುಗಿದ ಮೇಲೆ ಬ್ರಿಟಿಷರು ಬೇಕೆಂದೇ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋದ ಬಾಂಬರ್‌ಗಳನ್ನು ಎಚ್‌ಎಎಲ್‌ನವರು ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದು ದುರಸ್ತಿ ಮಾಡಿದರು. 1948ರಿಂದ 1968ರ ತನಕ ಅವು ನಮ್ಮ ವಾಯುಪಡೆಯಲ್ಲಿದ್ದವು. ಗುಜರಿಯಿಂದ ಎದ್ದ ವಿಮಾನ ಎಂದರೆ ನಮ್ಮ ಸನ್‌ಪ್ಯಾಕಿಗೆ ಹೇಳಿ ಮಾಡಿಸಿದ್ದು. ಆದರೆ ನಾಲ್ಕು ಮೋಟಾರು ಬೇಕು. ಆ ದುಡ್ಡು ಕೂಡುವ ತನಕ ಹಾಕ್‌ನ ಮೂಗಿಗೇ ಹೊಸ ತೇಪೆ ಹಾಕುತ್ತಿದ್ದೇವೆ.