ಕೊಬ್ಬರಿ ಕಟ್ಟಿದ ಕೊರಳು

ಆಶ್ವಯುಜ ಕಳೆಯುವ ಹೊತ್ತಿಗೆ ದಾವಣಗೆರೆ ಜಿಲ್ಲೆಯ ರಸ್ತೆಗಳ ಬಣ್ಣವೇ ಬದಲಾಗುತ್ತದೆ. ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳದ ತೆನೆ ಮುರಿದು, ಕಾಳು ಬಿಡಿಸಿ, ಕಣದಲ್ಲಿ ಜಾಗ ಸಾಲದೆ ಡಾಂಬರಿನ ಮೇಲೇ ಹರವಿರುತ್ತಾರೆ. ಬಸ್ಸು ಉಳಿದ ಅರ್ಧ ರಸ್ತೆಯಲ್ಲಿ ಬದಿ ಹಿಡಿದು ಹೋಗುತ್ತದೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಕೊಯ್ಲು ಶುರುವಾಗಿ, ಖೇಣಿ ಹಿಡಿದವರ ಅಂಗಳದಲ್ಲಿ ಹಂಡೆಗಳು ಹಗಲೂ ರಾತ್ರಿ ಕುದಿಯುತ್ತವೆ. ಚೊಗರಿನ ವಾಸನೆ ಊರ ಹೊರಗೇ ಮೂಗಿಗೆ ಹತ್ತುತ್ತದೆ. ಜಗಳೂರಿನಲ್ಲಿ ಮಳೆ ಕೈಬಿಡದ ವರ್ಷ ಈರುಳ್ಳಿ, ಶೇಂಗಾ ಹೊಲದಿಂದೆದ್ದು ಪೇಟೆಯ ದಾರಿ ಹಿಡಿಯುತ್ತವೆ. ವರ್ಷದಲ್ಲಿ ಮೈಮುರಿಯುವಷ್ಟು ಕೆಲಸ ಬೀಳುವ ಕಾಲ ಇದು. ಆಟದ ಕಾಲವೂ ಇದೇ. ರೈತನ ಕೈಯಲ್ಲಿ ನಾಲ್ಕು ಕಾಸು ಆಡುವುದು ಈಗ, ಊರು ಬಿಟ್ಟು ದುಡಿಯಲು ಹೋದ ಹುಡುಗರು ಹಬ್ಬಕ್ಕೆಂದು ಮರಳುವುದೂ ಈಗಲೇ.

ಆಟಗಳು ನವರಾತ್ರಿಗೆ ಮುಂಚೆಯೇ ಆರಂಭವಾಗುತ್ತವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ ಮೊದಲು ತಾಲ್ಲೂಕಿನಲ್ಲಿ ನಡೆಯುತ್ತದೆ. ಓಟ, ಖೋಖೋ, ಕಬಡ್ಡಿ, ವಾಲಿಬಾಲ್‌ಗಳಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ಮೈಸೂರಿಗೆ ಹೋಗುತ್ತಾರೆ. ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವವರೆಗೆ ಹೊನ್ನಾಳಿಗೆ ಸೇರಿತ್ತು. ಈಗ ಅದರ ಮಕ್ಕಳು ತಮ್ಮೂರಿನ ಹೆಸರು ಹೊತ್ತೇ ಓಡಬಹುದು. ಹಳ್ಳಿಯ ಹುಡುಗ ಹುಡುಗಿಯರಿಗೆ ಇದು ದೊಡ್ಡ ಮೆಟ್ಟಿಲು. ಆದರೂ ಅದು ಸರ್ಕಾರ ಕರೆದು ನಡೆಸುವ ಆಟ. ಊರು ತಾನೇ ಚಂದಾ ಎತ್ತಿ, ತಾನೇ ಜಗಳವಾಡಿ, ತಾನೇ ರಾಜಿಯಾಗಿ ನಡೆಸುವ ಸ್ಪರ್ಧೆಗೆ ದೀಪಾವಳಿಯವರೆಗೆ ಕಾಯಬೇಕು.

ದೀಪಾವಳಿ ಇಲ್ಲಿ ಎಲ್ಲರಿಗೂ ಒಂದೇ ತೆರನಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ನೆಲ. ಭಾಯಾಗಡ್ ಎಂದು ಬಂಜಾರರು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಈ ಭಾಗದ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹೇಳುತ್ತಾರೆ. ಮನೆಯ ಹಿರಿಯರಿಗೆ, ದನಕರುಗಳಿಗೆ ಒಳಿತು ಕೋರುವ ಹಾಡು ಅದು. ಮರುದಿನ ಕಾಡಿಗೋ ಹೊಲಕ್ಕೋ ಹೋಗಿ ಹೂ ತರುತ್ತಾರೆ. ಮುಂದಿನ ವರ್ಷ ಮದುವೆಯಾಗಿ ಬೇರೆ ತಾಂಡಾ ಸೇರುವವಳಿಗೆ ಅದೇ ಕೊನೆಯ ಮೇರಾ. ಆ ಹಾಡಿನ ನಡುವೆ ಕಣ್ಣೀರು ಸಹಜ.

ಜಗಳೂರಿನಿಂದ ಚಳ್ಳಕೆರೆಯವರೆಗಿನ ಬಯಲಿನಲ್ಲಿ ಮ್ಯಾಸ ನಾಯಕರ ಹಬ್ಬವೆಲ್ಲ ದೇವರ ಎತ್ತುಗಳ ಸುತ್ತ. ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಅವನ್ನು ಕಾಯಲೆಂದೇ ಕಿಲಾರಿಗಳಿದ್ದಾರೆ. ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡುತ್ತಾರೆ. ಬರ ಬಂದ ವರ್ಷ ತಮ್ಮ ಮನೆಯ ಕಾಳಿಗಿಂತ ಮೊದಲು ದೇವರ ಎತ್ತಿನ ಮೇವಿನ ಚಿಂತೆ ಮಾಡುವ ಜನ ಅವರು.

ಅಲ್ಲಿ ದನ ದೇವರು. ಪಶ್ಚಿಮಕ್ಕೆ ಹೊನ್ನಾಳಿ, ನ್ಯಾಮತಿಗೆ ಬಂದರೆ ಅದೇ ದನ ಊರಿನ ಕಲಿ.

ಬಲಿಪಾಡ್ಯಮಿಯ ಬೆಳಿಗ್ಗೆ ಸಗಣಿಯಿಂದ ಹಟ್ಟಿಲಕ್ಕವ್ವನನ್ನು ಮಾಡಿ, ಚೆಂಡುಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜೆ ಮಾಡಿದ ಮೇಲೆ ಹೋರಿಯ ಮೈ ತೊಳೆಯುತ್ತಾರೆ. ಕೋಡಿಗೆ ಬಣ್ಣ, ಕೋಡಣಸು, ರಿಬ್ಬನ್ನು, ಬಲೂನು, ಬೆನ್ನಿಗೆ ಜೂಲ, ಕಾಲಿಗೆ ಗೆಜ್ಜೆ. ಕೊರಳಿಗೆ ಒಣಕೊಬ್ಬರಿ ಗಿಟುಕುಗಳನ್ನು ಪೋಣಿಸಿದ ಸರ. ಈ ಸರವೇ ಆಟದ ಪ್ರಾಣ. ಅಖಾಡದ ಒಂದು ತುದಿಯಲ್ಲಿ ಹೋರಿಯನ್ನು ಬಿಡುತ್ತಾರೆ. ಅದು ಜನರ ನಡುವಿನ ಓಣಿಯಲ್ಲಿ ಇನ್ನೊಂದು ತುದಿಗೆ ಓಡುತ್ತದೆ. ಎದೆಗಾರಿಕೆ ಇರುವವರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿದವನಿಗೆ ಕೊಬ್ಬರಿ, ಹೆಸರು. ಯಾರ ಕೈಗೂ ಸಿಗದೆ ದಾಟಿದರೆ ಗೆದ್ದದ್ದು ಹೋರಿ. ಓಟದ ರಭಸ, ನಡೆ, ಕೊಬ್ಬರಿ ಉಳಿಸಿಕೊಂಡ ಬಗೆ ಎಲ್ಲವನ್ನೂ ನೋಡಿ ಸಮಿತಿಯವರು ಬಹುಮಾನ ಹೇಳುತ್ತಾರೆ. ಬೈಕು, ಬಂಗಾರದ ಉಂಗುರ, ತಿಜೋರಿ, ಫ್ರಿಜ್ಜು ವೇದಿಕೆಯ ಪಕ್ಕ ಸಾಲಾಗಿ ನಿಂತಿರುತ್ತವೆ. ಹಾವೇರಿ, ಹಿರೇಕೆರೂರು, ಶಿಕಾರಿಪುರ, ಸೊರಬ, ಹೊನ್ನಾಳಿ, ನ್ಯಾಮತಿ ಸೇರಿದ ಈ ಪಟ್ಟಿಯಲ್ಲಿ ಹೋರಿ ಹಬ್ಬ ಒಂದು ದಿನಕ್ಕೆ ಮುಗಿಯುವುದಿಲ್ಲ. ಒಂದೊಂದು ಊರು ಒಂದೊಂದು ದಿನ ಹಿಡಿಯುತ್ತದೆ. ಕಾರ್ತಿಕ ದಾಟಿ ಸಂಕ್ರಾಂತಿಯ ಆಚೆಗೂ ಸಾಗುತ್ತದೆ.

ಸುಗ್ಗಿಯ ಹೊಸ್ತಿಲಲ್ಲಿ ಇಂಥ ಆಟ ನಡೆಸುವ ಬಯಕೆ ಬೇರೆ ಊರುಗಳಿಗೂ ಇದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಗಾಲ್ಫ್ ಕ್ಲಬ್ಬಿನಲ್ಲಿ ಶರತ್ಕಾಲದ ಸದಸ್ಯರ ಕೂಟಕ್ಕೆ ಸೆಪ್ಟೆಂಬರಿನಲ್ಲಿ ಹೊಸ ನಾಯಕ ಒಂದೇ ಹೊಡೆತ ಹೊಡೆದು ಅಧಿಕಾರ ವಹಿಸಿಕೊಳ್ಳುತ್ತಾರೆ. ಆ ಚೆಂಡನ್ನು ಹಿಡಿದು ತರಲು, ಆಟಗಾರರ ಚೀಲ ಹೊರುವ ಕ್ಯಾಡಿಗಳು ಮೈದಾನದಲ್ಲಿ ಮುಗಿಬೀಳುತ್ತಾರೆ. ತಂದವನಿಗೆ ಒಂದು ಬಂಗಾರದ ನಾಣ್ಯ. ಅಲ್ಲಿ ಚೆಂಡು, ಇಲ್ಲಿ ಕೊಬ್ಬರಿ. ಎರಡರಲ್ಲೂ ಕೈಗೆ ಸಿಗುವ ವಸ್ತುವಿನ ಬೆಲೆಗಿಂತ, ಅಷ್ಟು ಜನರ ಕಣ್ಣೆದುರು ತನ್ನ ಕೈಗೇ ಸಿಕ್ಕಿತೆಂಬ ಹಿಗ್ಗು ದೊಡ್ಡದು.

ಹೊನ್ನಾಳಿ ಸೀಮೆಯಲ್ಲಿ ಕ್ಲಬ್ಬು ಎನ್ನಬಹುದಾದದ್ದು ಹೋರಿಯ ಅಭಿಮಾನಿ ಬಳಗ. ಹೆಸರುವಾಸಿ ಹೋರಿ ಇದ್ದಲ್ಲೆಲ್ಲ ಒಂದು ಬಳಗವಿದೆ. ಒಂದೇ ಬಣ್ಣದ ಟೀ ಶರ್ಟು, ಎದೆಯ ಮೇಲೆ ಹೋರಿಯ ಹೆಸರು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೋರಿಯೊಂದಿಗೆ ಊರೂರಿಗೆ ಪಯಣ. ಸಾಕಿದವನು ಒಬ್ಬನಾದರೂ ಹುರಳಿ, ಹತ್ತಿಕಾಳು, ಹಿಂಡಿ, ಮೊಟ್ಟೆಯ ಖರ್ಚಿಗೆ ಬಳಗ ಕೈ ಹಾಕುತ್ತದೆ. ಬೆಳಿಗ್ಗೆ ಕೆರೆಗೆ ಹೊಡೆದುಕೊಂಡು ಹೋಗಿ ಈಜಿಸುವುದು, ಸಂಜೆ ಹೊಲದ ಬದುವಿನಲ್ಲಿ ಓಡಿಸುವುದು ಹುಡುಗರ ಸರದಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದೀಪಾವಳಿಗೆ ವಾರವಷ್ಟೇ ಉಳಿದಿತ್ತು. ಆ ವರ್ಷ ಅಖಾಡಕ್ಕೆ ಬಂದ ಹಲವು ಹೋರಿಗಳ ಬೆನ್ನ ಮೇಲೆ ಅಪ್ಪುವಿನ ಭಾವಚಿತ್ರವಿತ್ತು. ಊರಿನ ದುಃಖವನ್ನೂ ಹೋರಿಯೇ ಹೊತ್ತು ಓಡಿತು.

ಈ ದನಗಳ ಓಟಕ್ಕೆ ಹಳೆಯ ಚರಿತ್ರೆಯಿದೆ. ಚನ್ನಗಿರಿಗೆ ದೂರವಲ್ಲದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಕಾಲದ ಬೆಣ್ಣೆಚಾವಡಿಯ ದನಗಳಿಗೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಕ್ಕೆ ಸೇನೆ ಮುಟ್ಟಿಸಿದ್ದು ಈ ದನಗಳ ಕಾಲಿನ ಬಲದಿಂದ ಎಂಬುದು ಮೈಸೂರಿನ ಚರಿತ್ರೆಯಲ್ಲಿ ದಾಖಲಾಗಿದೆ. ತೋಪು, ಮದ್ದು, ದವಸ ಎಳೆದ ಕುಲ ಅದು. ಕುದುರೆ ನಿಂತ ಕಡೆಯೂ ನಿಲ್ಲದೆ ನಡೆಯುವ ಹಟ ಅದರ ರಕ್ತದಲ್ಲೇ ಇದೆ. ಸೈನ್ಯ ಹೋದ ಮೇಲೆ ಅದು ನೇಗಿಲಿಗೆ ಬಂತು. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ನೇಗಿಲೂ ಬಿಟ್ಟಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗಂಡುಕರು ಹುಟ್ಟಿದರೆ ರೈತನ ಮುಖ ಬಾಡುವ ಕಾಲ ಇದು. ಹಾಲು ಕೊಡದ, ಗೆಯ್ಮೆಗೆ ಬೇಡವಾದ ದನವನ್ನು ಸಾಕುವುದು ಯಾರ ಕೈಲೂ ಆಗುವುದಿಲ್ಲ. ಹೋರಿ ಹಬ್ಬದ ಪಟ್ಟಿಯಲ್ಲಿ ಮಾತ್ರ ಗಂಡುಕರು ಎಂದರೆ ಇವತ್ತಿಗೂ ಆಸೆ. ಒಳ್ಳೆಯ ಓಟದ ಹೋರಿ ಲಕ್ಷಗಟ್ಟಲೆಗೆ ಬಿಕರಿಯಾಗುತ್ತದೆ. ಹಲವರು ಎಷ್ಟು ಕೊಟ್ಟರೂ ಮಾರುವುದಿಲ್ಲ. ಅಖಾಡವನ್ನು ಮುಚ್ಚಿಸಿ ದನವನ್ನು ಉಳಿಸುತ್ತೇವೆ ಎನ್ನುವವರು ಈ ಲೆಕ್ಕವನ್ನೂ ನೋಡಬೇಕು.

ನ್ಯಾಯಾಲಯದ ದಾರಿ ಸುತ್ತುಬಳಸಿ ಬಂದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಅದರ ಬಿಸಿ ಕರಾವಳಿಯ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ತಿದ್ದುಪಡಿ ತಂದು ಕಂಬಳಕ್ಕೆ, ಹೋರಿ ಓಟಕ್ಕೆ, ಎತ್ತಿನ ಗಾಡಿ ಓಟಕ್ಕೆ ರಕ್ಷಣೆ ಕೊಟ್ಟಿತು. ಪ್ರಾಣಿಗೆ ಅನಗತ್ಯ ನೋವಾಗಬಾರದು ಎಂಬ ಷರತ್ತನ್ನೂ ಹಾಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ಕಾಯ್ದೆಗಳ ಜತೆಗೆ ಕರ್ನಾಟಕದ ಈ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಪರಂಪರೆಗೆ ಕಾನೂನು ಬಾಗಿಲು ತೆರೆದಿದೆ. ಬಾಗಿಲೊಳಗೆ ಹೇಗೆ ನಡೆದುಕೊಳ್ಳಬೇಕು ಎಂಬುದು ಊರಿನವರ ಹೊಣೆ.

ಹೊಣೆಯ ಮಾತು ಬಂದಾಗ ಸುಮ್ಮನಿರಲಾಗದು. ದೀಪಾವಳಿ ಕಳೆದ ಮರುದಿನ ಪತ್ರಿಕೆ ಬಿಡಿಸಿದರೆ ಹೋರಿ ತಿವಿದು ಸತ್ತವರ ಸುದ್ದಿ ಇರುತ್ತದೆ. ಅವರೆಲ್ಲ ಕೊಬ್ಬರಿ ಹರಿಯಲು ಇಳಿದ ಗಟ್ಟಿಗರಲ್ಲ. ಹಲವರು ಬದಿಯಲ್ಲಿ ನಿಂತು ನೋಡುತ್ತಿದ್ದವರು, ಸದ್ದು ಕೇಳಿ ಮನೆಯಿಂದ ಹೊರಗೆ ಬಂದ ಮುದುಕರು, ಅಖಾಡ ಮುಗಿಯಿತೆಂದು ಬೆನ್ನು ತಿರುಗಿಸಿದವರು. ಆಡಲು ಬಂದವನು ಅಪಾಯವನ್ನು ಒಪ್ಪಿಕೊಂಡೇ ಬಂದಿರುತ್ತಾನೆ. ನೋಡಲು ಬಂದವನು ಹಾಗೆ ಒಪ್ಪಿಕೊಂಡವನಲ್ಲ. ಹೋರಿಯ ಸ್ಥಿತಿಯೂ ಅಷ್ಟೇ. ಸಾಕಿದವನು ಅದಕ್ಕೆ ಒಂದು ಏಟು ಹಾಕುವುದಿಲ್ಲ. ಗುಂಪಿನಲ್ಲಿ ಯಾರೋ ಕೋಲು ಬೀಸುತ್ತಾರೆ, ಬಾಲ ಹಿಡಿಯುತ್ತಾರೆ. ಹೆದರಿದ ದನ ಜನರಿಲ್ಲದ ಕಡೆ ಹುಡುಕಿ ಓಡುತ್ತದೆ. ಅಂಥ ಜಾಗ ಸಿಗದಿದ್ದರೆ ಜನರ ಮೇಲೇ ಓಡುತ್ತದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಸ್ಪೇನಿನ ಪಾಂಪ್ಲೋನಾ ಪಟ್ಟಣದಲ್ಲಿ ಪ್ರತಿ ವರ್ಷ ಜುಲೈ 7ರಿಂದ 14ರವರೆಗೆ ಬೆಳಿಗ್ಗೆ 8 ಗಂಟೆಗೆ ಗೂಳಿಗಳನ್ನು ಬೀದಿಗೆ ಬಿಡುತ್ತಾರೆ. ದಾರಿಯ ಉದ್ದ ಸುಮಾರು 850 ಮೀಟರ್. ಓಟ ಮುಗಿಯಲು ಎರಡು ಮೂರು ನಿಮಿಷ ಸಾಕು. ಸಾವಿರಾರು ಜನ ಮುಂದೆ ಓಡುತ್ತಾರೆ, ಗಾಯಗೊಳ್ಳುವವರೂ ಬಹಳ. ಆದರೆ 1910ರಿಂದ ಈವರೆಗೆ ಅಲ್ಲಿ ಸತ್ತವರು 16 ಮಂದಿ. ಕೊನೆಯ ಸಾವು 2009ರಲ್ಲಿ. ಅಲ್ಲಿನ ಬೀದಿಯಲ್ಲಿ ಮನೆಗೋಡೆಗಳಿಲ್ಲದ ಕಡೆಯೆಲ್ಲ ಮರದ ಎರಡು ಬೇಲಿ ಹಾಕುತ್ತಾರೆ. ಒಳಬೇಲಿಗೂ ಹೊರಬೇಲಿಗೂ ನಡುವಿನ ಜಾಗದಲ್ಲಿ ವೈದ್ಯರು, ಪೊಲೀಸರು. ನೋಡುವವರು ಎರಡನೇ ಬೇಲಿಯ ಹಿಂದೆ. ಹದಿನೆಂಟು ತುಂಬದವರಿಗೆ ಓಡಲು ಅವಕಾಶವಿಲ್ಲ. ಓಡುವವನು ಬಿದ್ದರೆ ಒಳಬೇಲಿಯ ಸಂದಿನಲ್ಲಿ ನುಸುಳಿ ಪಾರಾಗಬಹುದು. ಬೇಲಿಯ ಮರಗಳಿಗೆ ಅಂಕಿ ಹಾಕಿಟ್ಟು, ಪ್ರತಿ ವರ್ಷ ಅದೇ ಕ್ರಮದಲ್ಲಿ ಜೋಡಿಸಿ, ಹಬ್ಬ ಮುಗಿದ ಮೇಲೆ ಬಿಚ್ಚಿಡುತ್ತಾರೆ. ತಮಿಳುನಾಡಿನ ಜಲ್ಲಿಕಟ್ಟಿನಲ್ಲೂ ಈಗ ಎರಡು ಸಾಲಿನ ತಡೆ, ಪಶುವೈದ್ಯರ ತಪಾಸಣೆ, ಓಟ ಮುಗಿಸಿದ ಹೋರಿಯನ್ನು ಹಿಡಿದು ಕಟ್ಟಲು ಬೇರೆಯೇ ಆವರಣ ಕಡ್ಡಾಯ.

ಇವು ಯಾವುವೂ ಹೊನ್ನಾಳಿಯ ಒಂದು ಊರಿಗೆ ನಿಲುಕದ ಖರ್ಚಲ್ಲ. ಮೊದಲ ಬಹುಮಾನಕ್ಕೆ ಬೈಕು ಇಡಬಲ್ಲ ಸಮಿತಿ ಎರಡನೇ ಸಾಲಿನ ಕಂಬವನ್ನೂ ನೆಡಬಲ್ಲದು. ಅಡಿಕೆ ದಬ್ಬೆ, ಸರ್ವೆ ಮರ ಈ ಸೀಮೆಯಲ್ಲಿ ಸುಲಭವಾಗಿ ಸಿಗುತ್ತವೆ. ಬೇಲಿ ಕಟ್ಟುವ ಕೈಗಳಿಗೂ ಬರವಿಲ್ಲ. ಕೊರತೆ ಇರುವುದು ಅಖಾಡದ ಕೊನೆಯ ಭಾಗದಲ್ಲಿ. ಓಡಿ ಬಂದ ಹೋರಿ ಎಲ್ಲಿಗೆ ಹೋಗಬೇಕು ಎಂಬುದನ್ನು ಹೆಚ್ಚಿನ ಊರುಗಳು ಯೋಚಿಸಿಯೇ ಇರುವುದಿಲ್ಲ. ಅದು ಊರ ಹೊರಗಿನ ಹೊಲಗಳಿಗೆ ನುಗ್ಗುತ್ತದೆ, ರಸ್ತೆಗೆ ಬರುತ್ತದೆ, ಕೆಲವೊಮ್ಮೆ ಕೆರೆಗೋ ಬಾವಿಗೋ ಬೀಳುತ್ತದೆ. ಬಳಗದ ಹುಡುಗರು ಕತ್ತಲಾಗುವವರೆಗೆ ಹುಡುಕಿ ತರಬೇಕು. ತುದಿಯಲ್ಲಿ ಅಗಲವಾದ ದೊಡ್ಡಿ, ಅದರಲ್ಲಿ ನೀರು, ಹುಲ್ಲು, ಹಿಡಿಯಬಲ್ಲ ನಾಲ್ಕು ಜನ ಇದ್ದರೆ ಹೋರಿಗೂ ಜನಕ್ಕೂ ಅಪಾಯ ತಗ್ಗುತ್ತದೆ.

ಮುಂದಿನ ಬಲಿಪಾಡ್ಯಮಿಗೆ ಹೊನ್ನಾಳಿ, ನ್ಯಾಮತಿ ಕಡೆ ಹೋಗುವವರು ಖಂಡಿತ ಹೋಗಲಿ. ಆ ಓಟವನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಖಾಡದ ಅಂಚಿಗೆ ಹೋಗುವುದು ಬೇಡ. ಮನೆಯ ಮಾಳಿಗೆ, ಲಾರಿಯ ಮೇಲ್ಭಾಗ, ಗಟ್ಟಿ ಬೇಲಿಯ ಹಿಂದೆ ಎಲ್ಲಾದರೂ ನಿಲ್ಲಿ. ಸಮಿತಿಯವರು ಚಂದಾ ಪುಸ್ತಕ ಹಿಡಿದು ಬಂದಾಗ ಕೈತುಂಬ ಕೊಡಿ. ಕೊಡುವ ಮೊದಲು ಒಂದು ಮಾತು ಕೇಳಿ: ಎರಡನೇ ಬೇಲಿ ಯಾವಾಗ ಕಟ್ಟುತ್ತೀರಿ?