ಮಾವಿನ ಕೋಣೆಯಲ್ಲಿ ಚಿನ್ನದ ಮೂಗು

ಜೂನ್ ತಿಂಗಳು. ರಾಯಲ್ಪಾಡು ಕಡೆಯಿಂದ ತೋತಾಪುರಿ ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಶ್ರೀನಿವಾಸಪುರದ ಮಂಡಿಗೆ ಬರುತ್ತಿವೆ. ಕನ್ನಡ, ತೆಲುಗು ಬೆರೆತ ಹರಾಜಿನ ಗದ್ದಲ ದಾಟಿ ನೀವು ಹಣ್ಣು ಮಾಗಿಸುವ ಕೋಣೆಗೆ ಕಾಲಿಡುತ್ತೀರಿ. ಬಾಗಿಲು ಮುಚ್ಚಿತು. ತಂಪು, ಮಬ್ಬು, ಕ್ರೇಟಿನ ಮೇಲೆ ಕ್ರೇಟು ಬಾದಾಮಿ. ಗಾಳಿಯಲ್ಲಿ ಎಥಿಲೀನ್ ಇದೆ, ಕಾಯನ್ನು ಹಣ್ಣು ಮಾಡುವ ಅನಿಲ. ಕಾನೂನು ಒಪ್ಪಿರುವ ಮಿತಿ 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು. ಅಷ್ಟು ತೆಳು ವಾಸನೆ ನಿಮ್ಮ ಮೂಗಿಗೆ ನಿಲುಕದು.

ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ಅದನ್ನು ಹಿಡಿಯುವ ಚಿಪ್ ಇದೆಯೆಂದುಕೊಳ್ಳಿ. ಅದರೊಳಕ್ಕೆ ಇಳಿಯೋಣ. ಸುತ್ತಲೂ 300 ಡಿಗ್ರಿ ಆಸುಪಾಸಿನ ಬಿಸಿ. ಅಡಿಯಲ್ಲಿ ಸೂಕ್ಷ್ಮ ಹೀಟರ್. ನೀವು ನಿಂತಿರುವುದು ತವರದ ಆಕ್ಸೈಡ್ ಕಣಗಳ ಮೇಲೆ. ಪ್ರತಿ ಕಣದ ಮೈಗೂ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಸಿದಿಟ್ಟಿದೆ, ಹಾಗಾಗಿ ವಿದ್ಯುತ್ತು ತಡವರಿಸುತ್ತಿದೆ. ಅಗೋ, ಎಥಿಲೀನ್ ಬಂತು. ಆಮ್ಲಜನಕದ ಜೊತೆ ಸೇರಿ ಉರಿದೇಹೋಯಿತು. ಬಿಡುಗಡೆಯಾದ ಎಲೆಕ್ಟ್ರಾನುಗಳು ಕಣದೊಳಕ್ಕೆ ಮರಳಿದವು, ರೋಧ ಇಳಿಯಿತು, ಹೊರಗೆ ಪರದೆಯಲ್ಲಿ ಅಂಕಿ ಏರಿತು.

ಕಣಗಳ ಮೇಲೆ ಅಲ್ಲಲ್ಲಿ ಕೂತ ಚುಕ್ಕೆಗಳೇ ಚಿನ್ನ, ಒಂದೊಂದೂ ಕೆಲವೇ ನ್ಯಾನೊಮೀಟರ್. ಅಜ್ಜಿಯ ಕಾಲದ ಒಡವೆ ಇವತ್ತಿಗೂ ಗಾಳಿಗೆ ಜಗ್ಗಿಲ್ಲ. ಅದೇ ಚಿನ್ನ ಇಷ್ಟು ಸಣ್ಣದಾದರೆ ಎಲ್ಲಿಲ್ಲದ ಚುರುಕು, ಅನಿಲ ಉರಿಯುವುದನ್ನು ಅದು ಬೇಗ ಮಾಡಿಸುತ್ತದೆ. ಆಕ್ಸೈಡಿನ ಮೇಲೆ ಕೂರಿಸಿದ ಚಿನ್ನದ ಕಣಗಳು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಕಾರ್ಬನ್ ಮಾನಾಕ್ಸೈಡನ್ನು ಉರಿಸಬಲ್ಲವೆಂದು ಜಪಾನಿನ ಮಸಾಟಾಕೆ ಹರುತ 1987ರಲ್ಲಿ ಪ್ರಕಟಿಸಿದರು. ಇದು ಕೋಲಾರದ ಚಿನ್ನವೇ ಎನ್ನಲು ನಾಲಿಗೆ ತುಡಿಯುತ್ತದೆ, ಆದರೆ ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು.

ಈಗ ಬೆಂಗಳೂರು, ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರ. ಅನಿಲ ಮತ್ತು ಜೈವಿಕ ಸೆನ್ಸರುಗಳ ಕೆಲಸಕ್ಕಾಗಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದ ನವಕಾಂತ ಭಟ್ ಇಲ್ಲಿಯವರು. ಮುಸುಕು, ಕೈಗವಸು ತೊಟ್ಟು ಇಂಥ ಕಡೆಯ, ಚಿಪ್ ತಯಾರಾಗುವ ಕ್ಲೀನ್‌ರೂಮಿಗೆ ಹೊಕ್ಕರೆ ಒಂದು ವಿಚಿತ್ರ ಕಾಣುತ್ತೀರಿ: ಚಿಪ್ ಮಾಡುವವರ ಲೋಕದಲ್ಲಿ ಚಿನ್ನಕ್ಕೆ ಮೈಲಿಗೆ. ಚಿನ್ನ ಸೋಕಿದ ಚಿಮಟ ಸಿಲಿಕಾನ್ ಕುಲುಮೆಯ ಬಳಿ ಸುಳಿಯುವಂತಿಲ್ಲ. ಬಿಸಿ ಸಿಲಿಕಾನಿನೊಳಗೆ ಚಿನ್ನದ ಪರಮಾಣು ಸರಸರನೆ ನುಸುಳಿ ಎಲೆಕ್ಟ್ರಾನುಗಳನ್ನು ಅಕಾಲದಲ್ಲಿ ನುಂಗುತ್ತದೆ. ಬೇಕೆಂದೇ ಬೆರೆಸಿದರೆ ಆ ದೋಷವೇ ಗುಣ, ಡಯೋಡು ಥಟ್ಟನೆ ಆಫ್ ಆಗುತ್ತದೆ. ಜರ್ಮೇನಿಯಮ್ಮಿಗೆ ಚಿನ್ನ ಬೆರೆಸಿ ದ್ರವ ಸಾರಜನಕದಲ್ಲಿ ತಣಿಸಿದರೆ ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಗುರುತಿಸುತ್ತದೆ.

ಮಂಡಿಯವರಿಗೂ ಕೊಳ್ಳುವವರಿಗೂ ಒಂದು ಮಾತು. ಹಣ್ಣು ಮಾಗಿಸಲು ಬಳಸಬಾರದೆಂದು ನಿಷೇಧಿಸಿರುವ ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಕೂಡ ಚಿಪ್ಪಿನ ಮೇಲೆ ಹೀಗೇ ಉರಿಯುತ್ತದೆ. ಬಂದದ್ದು ಯಾವ ಅನಿಲವೆಂದು ಒಂಟಿ ಚಿಪ್ ಹೇಳಲಾರದು. ಬೇರೆಬೇರೆ ಲೇಪದ ನಾಲ್ಕಾರು ಚಿಪ್ಪುಗಳನ್ನು ಒಟ್ಟಿಗೆ ಓದಬೇಕು. ಒಂದೇ ಅಂಕಿ ನೋಡಿ ಹಣ್ಣಿಗೆ ಸರ್ಟಿಫಿಕೇಟು ಕೊಡಬೇಡಿ. ಕ್ರೇಟಿನ ತಳದಲ್ಲಿ ಕಾರ್ಬೈಡ್ ಪೊಟ್ಟಣ ಸಿಕ್ಕಿತೋ, ಯಾವ ಸೆನ್ಸರಿಗೂ ಕಾಯದೆ ದೂರು ಕೊಡಿ.